ಯುದ್ಧವಿಮಾನದ ಪರೀಕ್ಷೆ ಮತ್ತು ಸೋದರಮಾವನ ಮಣೆ

ಆ ಬೆಳಗ್ಗೆ ವಿಮಾನ ಚಾಲೂ ಆಗಲಿಲ್ಲ.

ಲಡಾಖಿನ ಎತ್ತರದಲ್ಲಿ, ರನ್‌ವೇ ಪಕ್ಕದ ಬಯಲಿನಲ್ಲಿ ಅದನ್ನು ಹಿಂದಿನ ಸಂಜೆಯೇ ನಿಲ್ಲಿಸಿದ್ದೆವು. ಮೇಲೆ ಹೊದಿಕೆ ಹಾಕುವಂತಿಲ್ಲ, ಪಕ್ಕದಲ್ಲಿ ಹೀಟರ್ ಇಡುವಂತಿಲ್ಲ, ಹೊರಗಿನ ವಿದ್ಯುತ್ ಕೊಡುವಂತಿಲ್ಲ. ಚಳಿಯಲ್ಲಿ ಮರಗಟ್ಟಿದ ಮೇಲೂ ಬೆಳಗ್ಗೆ ತನ್ನದೇ ಬ್ಯಾಟರಿಯಿಂದ ಎಂಜಿನ್ ತಿರುಗಿಸಿಕೊಂಡು ಹೊರಡಬೇಕು. ಯುದ್ಧ ಬಂದಾಗ ಹೀಟರ್ ಹೊತ್ತ ಲಾರಿ ಪಕ್ಕದಲ್ಲೇ ಇರುತ್ತದೆ ಎಂದು ಯಾರೂ ಭರವಸೆ ಕೊಡಲಾರರು, ಅದಕ್ಕೇ ಈ ಪರೀಕ್ಷೆ. ನಮ್ಮ ಟೆಸ್ಟ್ ಪೈಲಟ್ ಒಳಗೆ ಕುಳಿತು ಹೆಬ್ಬೆರಳು ಎತ್ತಿದರು. ವಿಮಾನದ ಹೊಟ್ಟೆಯೊಳಗಿಂದ ಸಣ್ಣಗೆ ಒಂದು ದನಿ ಎದ್ದು, ಏರಿ, ಅರ್ಧದಲ್ಲೇ ಕುಸಿಯಿತು. ಮತ್ತೊಮ್ಮೆ ನೋಡಿದರು, ಮತ್ತೆ ಹಾಗೇ ಆಯಿತು. ಕಂಪನಿಯ ವಿದೇಶಿ ಎಂಜಿನಿಯರ್ ಕೈಗವಸು ತೆಗೆದು ಬ್ಯಾಟರಿ ಇದ್ದ ಜಾಗವನ್ನು ಮಗುವಿನ ಹಣೆ ಮುಟ್ಟಿದಂತೆ ಮುಟ್ಟಿದ. ನಾನು ನನ್ನ ಹಾಳೆಯಲ್ಲಿ ಕಂಡದ್ದನ್ನು ಕಂಡಂತೆ ಬರೆದೆ.

ನಾನು ವಾಯುಪಡೆಯ ಎಂಜಿನಿಯರಿಂಗ್ ಶಾಖೆಯ ಅಧಿಕಾರಿ. ಕೊಳ್ಳಬೇಕಾದ ಯುದ್ಧವಿಮಾನಗಳನ್ನು ಪರೀಕ್ಷಿಸುವ ತಂಡದಲ್ಲಿ ನಿರ್ವಹಣೆಯ ಭಾಗ ನನ್ನದಾಗಿತ್ತು. ಊರಿಗೆ ಹೋದರೆ ಕಟ್ಟೆಯ ಮೇಲೆ ಕುಳಿತವರು ಪತ್ರಿಕೆ ಮಡಚಿಟ್ಟು, "ಯಾವುದು ಛಲೋ ಅದನೋ ಅದನ್ನ ತಗೋಬೇಕಪ್ಪಾ, ಇಷ್ಟು ವರ್ಷ ಯಾಕ ಬೇಕು?" ಎನ್ನುತ್ತಾರೆ. ನನಗೆ ಮೈಯೆಲ್ಲ ಉರಿಯುತ್ತದೆ. ಛಲೋ ಇರುವುದನ್ನು ಆರಿಸುವ ಪದ್ಧತಿಯೇ ನಮ್ಮಲ್ಲಿ ಇಲ್ಲ ಎಂದು ಅವರಿಗೆ ಹೇಗೆ ಹೇಳುವುದು? ದುಡ್ಡಿದ್ದ ದೇಶ ತನಗೆ ಬೇಕಾದ ವಿಮಾನವನ್ನು ತಾನೇ ಮಾಡಿಕೊಳ್ಳುತ್ತದೆ. ನಮ್ಮಂಥವರು ಮೊದಲು ಏನೇನು ಬೇಕೆಂದು ಸಾಲು ಸಾಲಾಗಿ ಬರೆದುಕೊಳ್ಳುತ್ತೇವೆ. ಆಮೇಲೆ ಪ್ರತಿ ಸಾಲಿನ ಮುಂದೆ ಹೌದು ಅಥವಾ ಇಲ್ಲ. ಹೆಚ್ಚು ಚೆನ್ನಾಗಿ ಹಾರಿದ್ದಕ್ಕೆ ಹೆಚ್ಚು ಅಂಕ ಇಲ್ಲ. ಎಲ್ಲ ಸಾಲಿಗೂ ಹೌದು ಎನಿಸಿಕೊಂಡವು ಸರಿಸಮಾನ, ಅವುಗಳಲ್ಲಿ ಕಡಿಮೆ ಬೆಲೆಯದಕ್ಕೆ ಮಾಲೆ.

ಬೇಡಿಕೆಯನ್ನು ಸಡಿಲಾಗಿ ಬರೆದರೆ ಯಾವುದು ಬೇಕಾದರೂ ಒಳಗೆ ಬರುತ್ತದೆ, ಬಿಗಿಯಾಗಿ ಬರೆದರೆ ಯಾವುದೂ ಬರುವುದಿಲ್ಲ. ಕೊನೆಗೆ ಒಂದೇ ಒಂದು ಉಳಿದರಂತೂ ಇದು ಅದಕ್ಕೆಂದೇ ಹೊಲಿದ ಅಂಗಿ ಎಂಬ ಆರೋಪ ಎದ್ದು ಎಲ್ಲವೂ ಮೊದಲಿನಿಂದ. ಅಷ್ಟರಲ್ಲಿ ಇತ್ತ ಹಳೆಯ ವಿಮಾನಗಳು ಒಂದೊಂದಾಗಿ ನಿವೃತ್ತಿಯಾಗುತ್ತಿರುತ್ತವೆ.

ಹಾರಾಟ ಪೈಲಟ್‌ಗಳ ಪಾಲು, ಹಾರಿ ಬಂದದ್ದನ್ನು ಮತ್ತೆ ಹಾರಿಸುವುದು ನನ್ನ ಪಾಲು. ಎಂಜಿನ್ ಇಳಿಸಿ ಇನ್ನೊಂದನ್ನು ಏರಿಸಲು ಎಷ್ಟು ಹೊತ್ತು ಬೇಕು, ದಪ್ಪ ಕೈಗವಸು ಹಾಕಿಕೊಂಡವನು ಮುಚ್ಚಳ ಬಿಚ್ಚಬಲ್ಲನೇ, ನಮ್ಮ ಇಂಧನದ ಟ್ಯಾಂಕರಿನ ಪೈಪು ಅದರ ಬಾಯಿಗೆ ಹೊಂದುತ್ತದೆಯೇ, ಇಂಥವು. ಮರುಭೂಮಿಯ ಹಂತದಲ್ಲಿ ಬೇರೊಂದು ದೇಶದ ವಿಮಾನದ ಮುಚ್ಚಳ ತೆಗೆಯಲು ಒಂದು ವಿಶೇಷ ಪಾನಾ ಬೇಕಿತ್ತು. ಅದು ಕಳೆದುಹೋದರೆ ಏನು ಮಾಡುವುದು ಎಂದು ಕೇಳಿದೆ. ಕಂಪನಿಯವ ನಿಜವಾಗಿಯೂ ಅರ್ಥವಾಗದೆ, ಅದು ಯಾಕೆ ಕಳೆದುಹೋಗುತ್ತದೆ ಎಂದ. ನಮ್ಮ ತಂಡವೆಲ್ಲ ನಕ್ಕಿತು. ಆ ಪುಣ್ಯಾತ್ಮ ನಮ್ಮ ಉಗ್ರಾಣಗಳನ್ನು ನೋಡಿರಲಿಲ್ಲ.

ಆದರೆ ಈ ಚಳಿಯ ಪರೀಕ್ಷೆಯಲ್ಲಿ ನಗುವಂಥದ್ದೇನೂ ಇರಲಿಲ್ಲ. ಒಂದು ಸಾಲಿಗೆ ಇಲ್ಲ ಎಂದರೆ ಆ ವಿಮಾನವೇ ಹೊರಗೆ. ಬ್ಯಾಟರಿಯನ್ನು ಸಾಗಿಸುವಾಗ ಸರಿಯಾಗಿ ಇಟ್ಟಿರಲಿಲ್ಲ, ಇನ್ನೊಂದು ಅವಕಾಶ ಕೊಡಿ ಎಂದು ಕಂಪನಿ ಬೇಡಿತು. ನಿಯಮದಲ್ಲಿ ಅದಕ್ಕೆ ಜಾಗ ಇತ್ತು: ಅದೇ ಚಳಿಗಾಲದಲ್ಲಿ, ಅದೇ ವೀಕ್ಷಕನ ಎದುರು, ಅಂದರೆ ನನ್ನೆದುರು, ಒಮ್ಮೆ ಮಾತ್ರ. ಹೊಸ ಬ್ಯಾಟರಿ ಹೊರದೇಶದಿಂದ ಬರುವವರೆಗೆ ನನಗೆ ಕೆಲವು ದಿನ ಬಿಡುವು ಸಿಕ್ಕಿತು. ತಂಡದ ನಾಯಕರು ಹೋಗಿ ಬನ್ನಿ ಎಂದರು. ನಮ್ಮ ಅಕ್ಕನ ಮಗಳ ನಿಶ್ಚಯಕ್ಕೆ ನಾನು ಅಫಜಲಪುರಕ್ಕೆ ಹೊರಟೆ.

ನಮ್ಮದು ಆಳಂದ ತಾಲ್ಲೂಕಿನ ನಿಂಬರ್ಗಾ. ಅಕ್ಕನನ್ನು ಅಫಜಲಪುರಕ್ಕೆ ಕೊಟ್ಟಿದೆ, ಭಾವನದು ಅಲ್ಲಿ ತೊಗರಿ ಬೇಳೆಯ ಮಿಲ್ಲು. ಹುಡುಗ ಜೇವರ್ಗಿಯವನು. ಸಂಬಂಧದ ಮಾತು ನಡೆದಾಗ ನಾನು ಫೋನ್ ಒಳಗೆ ಒಯ್ಯಲು ಬಿಡದ ಜಾಗಗಳಲ್ಲಿದ್ದೆ. ಸಂಜೆ ಸಿಕ್ಕ ಹೊತ್ತಿನಲ್ಲಿ ಅಕ್ಕ ಹೇಳಿದ್ದು ಇಷ್ಟು: "ಹುಡುಗ ಹೈದರಾಬಾದಿನಾಗ ಇಂಜಿನಿಯರ್ ಅದಾನ. ಫ್ಯಾಕ್ಟರಿ ಕೆಲಸ. ಮನಿತನ ಛಲೋ ಅದ. ನೀ ಬಂದು ಆಯೇರಿ ತಗೊಂಡ್ರ ಸಾಕು ನೋಡು."

ಈ ಆಯೇರಿಯ ವಿಷಯ ಹೇಳಲೇಬೇಕು. ನಮ್ಮ ಮನೆತನಗಳಲ್ಲಿ ನಿಶ್ಚಯದ ದಿನ ಗಂಡಿನವರು ಮೊದಲು ಹೆಣ್ಣಿನ ಸೋದರಮಾವನನ್ನು ಮಣೆಯ ಮೇಲೆ ಕೂರಿಸಿ, ಧೋತರ, ಅಂಗಿ ಅರಿವೆ ಕೊಟ್ಟು ಶಾಲು ಹೊದಿಸುತ್ತಾರೆ. ಅವನು ಅದನ್ನು ತೆಗೆದುಕೊಂಡನೆಂದರೆ ಹೆಣ್ಣಿನ ಕಡೆಯವರು ಒಪ್ಪಿದರೆಂದು ಅರ್ಥ, ಆಮೇಲೇ ಎಲೆ ಅಡಿಕೆ ಬದಲಾಗುವುದು. ಅಪ್ಪ ಇಲ್ಲದಿದ್ದರೂ ಕೆಲಸ ಸಾಗುತ್ತದೆ, ಸೋದರಮಾವ ಇಲ್ಲದಿದ್ದರೆ ಸಾಗುವುದಿಲ್ಲ.

ನಾನು ಹೋಗುವಷ್ಟರಲ್ಲಿ ಜೇವರ್ಗಿಯವರು ಬಂದು ಕುಳಿತಿದ್ದರು. ಹುಡುಗ ಎದ್ದು ಬಂದು ಕಾಲಿಗೆ ನಮಸ್ಕರಿಸಿದ. ತೆಳ್ಳಗಿದ್ದ, ಮಾತಿನಲ್ಲಿ ಸಂಕೋಚ ಇತ್ತು, ನೋಡಿದ ಕೂಡಲೇ ನನಗೆ ಹಿಡಿಸಿದ. ಯಾವ ಕಂಪನಿ ಎಂದು ಕೇಳಿದೆ, ಮಾತಿಗೆ ಮಾತು ಎಂಬಂತೆ. ಅವನು ಹೆಸರು ಹೇಳಿದ. ನಾನು ಚಹಾದ ಬಸಿ ಕೆಳಗಿಟ್ಟೆ.

"ಈಗ ಒಂದು ಹೊರದೇಶದ ಕಂಪನಿ ಜೋಡಿ ಕರಾರು ಆಗ್ಯದ್ರಿ ಮಾವಾರ," ಅಂದ ಅವನು, ನನ್ನ ಖುಷಿಗೆಂದೇ ಹೇಳುವವನಂತೆ. "ಅವರ ಯುದ್ಧವಿಮಾನ ನಮ್ಮ ದೇಶ ತಗೊಂಡ್ರ, ಅದರ ರೆಕ್ಕಿ ಭಾಗ ನಾವ ಮಾಡ್ತೇವ್ರಿ. ನನ್ನ ಕೆಲಸಾನೂ ಪಕ್ಕಾ ಆಗ್ತದ. ನೀವು ಯಾವ ವಿಮಾನದ ಮ್ಯಾಲ ಕೆಲಸ ಮಾಡ್ತೀರಿ?"

"ಹಳೇವು," ಎಂದೆ.

ಅವನು ಹೇಳಿದ್ದು ಲಡಾಖಿನಲ್ಲಿ ನನ್ನೆದುರು ಚಾಲೂ ಆಗದೆ ನಿಂತ ಅದೇ ವಿಮಾನ.

ಪರೀಕ್ಷೆಯ ತಂಡದಲ್ಲಿ ಯಾರಿದ್ದಾರೆ ಎಂಬುದು ಗುಟ್ಟು. ಅಕ್ಕನಿಗೂ ಗೊತ್ತಿಲ್ಲ, ನನ್ನ ಹೆಂಡತಿಗೂ ಪೂರ್ತಿ ಗೊತ್ತಿರಲಿಲ್ಲ. ಸ್ಪರ್ಧೆಯಲ್ಲಿರುವ ಕಂಪನಿಗೆ ಸಂಬಂಧಪಟ್ಟ ಯಾರಿಂದಲೂ ಒಂದು ಪೆನ್ನನ್ನೂ ಮುಟ್ಟುವುದಿಲ್ಲ ಎಂದು ಸಹಿ ಮಾಡಿದ್ದೆ. ಇಲ್ಲಿ ಹುಡುಗನ ಅಪ್ಪ ತಟ್ಟೆಯಲ್ಲಿ ಶಾಲು ಜೋಡಿಸುತ್ತಿದ್ದರು.

ಮಾಳಿಗೆ ಹತ್ತಿ ತಂಡದ ನಾಯಕರಿಗೆ ಫೋನ್ ಮಾಡಿದೆ. ಅವರು ಪೂರ್ತಿ ಕೇಳಿಸಿಕೊಂಡರು. ಬಟ್ಟೆಯದು ದೊಡ್ಡ ಮಾತಲ್ಲ, ನಿಶ್ಚಯವೇ ದೊಡ್ಡ ಮಾತು ಎಂದರು. ಅದು ನಡೆದರೆ ನೀವು ಆ ಮನೆಗೆ ಬೀಗರು. ವಿಮಾನ ಚಾಲೂ ಆದರೆ ಅಳಿಯನಿಗಾಗಿ ಪಾಸು ಮಾಡಿದ ಎನ್ನುತ್ತಾರೆ, ಆಗದಿದ್ದರೆ ಮನೆಯ ಜಗಳ ತೀರಿಸಿಕೊಂಡ ಎನ್ನುತ್ತಾರೆ. ನೀವು ತಂಡ ಬಿಟ್ಟರೆ ಅದೇ ವೀಕ್ಷಕ ಇಲ್ಲ ಎಂದಾಗಿ ಈ ಚಳಿಗಾಲ ವ್ಯರ್ಥ, ಇನ್ನೊಂದಕ್ಕೆ ಕಾಯಬೇಕು. ಸ್ವಲ್ಪ ತಡೆದು, ನಿಶ್ಚಯವನ್ನೇ ಮುಂದೆ ಹಾಕಿಸಲು ಆಗುವುದಿಲ್ಲವೇ ಎಂದು ಕೇಳಿದರು. ಮರುಪರೀಕ್ಷೆ ಮುಗಿದು ನನ್ನ ಸಹಿ ಬಿದ್ದ ಮೇಲೆ ಏನಾದರೂ ದಾರಿ ಹುಡುಕಬಹುದಿತ್ತು. ಯಾಕೆಂದು ಮಾತ್ರ ಮನೆಯವರಿಗೆ ಹೇಳಬೇಡಿ ಎಂದರು.

ಮಾಳಿಗೆಯಿಂದ ಕೆಳಗೆ ನೋಡಿದೆ. ಅಂಗಳದಲ್ಲಿ ಮಣೆ ಹಾಕಿ, ಸುತ್ತ ರಂಗೋಲಿ ಬಿಡಿಸಿ, ನನ್ನ ದಾರಿ ಕಾಯುತ್ತಿದ್ದರು. ಪುಣೆಯಲ್ಲೋ ಮಣಿಪಾಲದಲ್ಲೋ ಕೆಲಸ ಮಾಡುವ ಹುಡುಗನನ್ನು ನೋಡಬಾರದಿತ್ತೇ ಎಂದು ಅಕ್ಕನ ಮೇಲೆ ವಿನಾಕಾರಣ ಸಿಟ್ಟು ಬಂತು. ಕೆಳಗಿಳಿದು ಭಾವನನ್ನು ಒಳಗೆ ಕರೆದು, ಈಗಲೇ ಬೇಡ, ಸ್ವಲ್ಪ ದಿನ ತಡೆಯೋಣ ಎಂದೆ.

"ಯಾಕ?"

"ಹೇಳಾಕ ಬರಂಗಿಲ್ಲ, ಭಾವಾರ."

"ಎಷ್ಟು ದಿನ?"

ಬ್ಯಾಟರಿ ಯಾವಾಗ ಬರುತ್ತದೆ, ಹವಾಮಾನ ಯಾವಾಗ ಕೂಡಿ ಬರುತ್ತದೆ, ನನಗೇ ಗೊತ್ತಿರಲಿಲ್ಲ. ಅದನ್ನೂ ಹೇಳಲು ಬರುವುದಿಲ್ಲ ಎಂದೆ. ಭಾವನ ಮುಖ ಬದಲಾಯಿತು. ನಾನು ಎಂಥ ತಪ್ಪು ಮಾಡಿದೆ ಎಂಬುದು ಆ ಮುಖ ನೋಡಿದಾಗಲೇ ನನಗೆ ಹೊಳೆದದ್ದು. ಸರ್ಕಾರದ ದೊಡ್ಡ ಹುದ್ದೆಯಲ್ಲಿರುವ ಸೋದರಮಾವ ಬರುತ್ತಾನೆ, ಹುಡುಗನ ಜೊತೆ ನಾಲ್ಕು ಮಾತಾಡುತ್ತಾನೆ, ಮಾಳಿಗೆಗೆ ಹೋಗಿ ಯಾರಿಗೋ ಫೋನ್ ಮಾಡುತ್ತಾನೆ, ಇಳಿದು ಬಂದು ನಿಶ್ಚಯ ನಿಲ್ಲಿಸಿ ಎನ್ನುತ್ತಾನೆ. ನಮ್ಮ ಜನ ಇದಕ್ಕೆ ಒಂದೇ ಅರ್ಥ ಹಚ್ಚುತ್ತಾರೆ.

ಮಾತು ಒಳಗಿನಿಂದ ಅಂಗಳಕ್ಕೆ ಹೋಗಲು ಹೊತ್ತು ಹಿಡಿಯಲಿಲ್ಲ. ಹುಡುಗನ ಅಪ್ಪ ತಟ್ಟೆ ಕೆಳಗಿಟ್ಟು ನನ್ನೆದುರು ಬಂದು ನಿಂತರು. ಹಿರಿಯರು, ಕೊರಳಲ್ಲಿ ಲಿಂಗದ ಕರಡಿಗೆ.

"ಶರಣ್ರಿ. ನಮ್ಮ ಹುಡುಗನಾಗ ಏನ್ ಕಂಡ್ರಿ? ನಾಕು ಮಂದಿ ಮುಂದ ಹೇಳಿ ಬಿಡ್ರಿ. ಕುಡಿತಾನಂತ ಹೇಳಿದರಾ? ಮತ್ತೇನರ ಹೇಳಿದರಾ?"

"ಅಂಥಾದ್ದು ಏನೂ ಇಲ್ರಿ. ಹುಡುಗ ಬಂಗಾರದಂಥಾವ."

"ಬಂಗಾರ ಅದಾನ ಅಂದ್ರ ಯಾಕ ಬ್ಯಾಡ ಅಂತೀರಿ?"

ಹುಡುಗ ದೂರ ನಿಂತು ತನ್ನ ಅಂಗೈ ನೋಡಿಕೊಳ್ಳುತ್ತಿದ್ದ. ಅಂಗಳದ ತುಂಬ ಕುಳಿತ ಜನರ ಕಣ್ಣುಗಳೆಲ್ಲ ಅವನ ಮೇಲೆ ಇದ್ದವು. ಈ ನಿಶ್ಚಯ ಇಂದು ಮುರಿದರೆ ಕಾರಣ ಗೊತ್ತಿಲ್ಲದ ಒಂದು ಕಲೆ ಆ ಹುಡುಗನಿಗೆ ಜೀವಮಾನವಿಡೀ ಅಂಟಿಕೊಳ್ಳುತ್ತದೆ. ಜೇವರ್ಗಿ, ಅಂದೋಲಾ, ಯಡ್ರಾಮಿ ಎಲ್ಲ ಕಡೆ ಹೆಣ್ಣು ಕೊಡುವವರು ಮೊದಲು ಇದನ್ನೇ ಕೇಳುತ್ತಾರೆ.

ಅಕ್ಕ ನನ್ನ ತೋಳು ಹಿಡಿದು ಒಳಗೆ ಎಳೆದಳು. "ಲೇ, ಬಾಯಿ ಬಿಡು. ಏನದ? ನನ್ನ ಮಗಳ ಬಾಳೇ ಅದು. ಹೇಳಾಕ ಬರಂಗಿಲ್ಲ ಅಂದ್ರ ಅದೇನು ಮಾತು?"

"ಅಕ್ಕಾ, ಹುಡುಗಂದು ತಪ್ಪಿಲ್ಲ. ನಂದೂ ಅಲ್ಲ. ಆಣಿ ಮಾಡಿ ಹೇಳ್ತೇನಿ."

"ಹಂಗಾರ ಹೋಗಿ ಮಣಿ ಮ್ಯಾಲ ಕೂಡು."

"ನಾ ಆ ಶಾಲು ಮುಟ್ಟಂಗಿಲ್ಲ."

ಅವಳು ನನ್ನನ್ನು ನೋಡಿದ ನೋಟ ಇನ್ನೂ ಕಣ್ಣ ಮುಂದಿದೆ. ಹೊಸಲಿನ ಹತ್ತಿರ ಭಾವನ ತಾಯಿ ಕುಳಿತಿದ್ದರು. ಎಲ್ಲರೂ ಆಯಿ ಎಂದೇ ಕರೆಯುವ ಮುದುಕಿ, ಕಣ್ಣು ಮಂಜಾದರೂ ಮಾತು ಹರಿತ. ಆಯಿ ಯಾರನ್ನೂ ನೋಡದೆ ಹೇಳಿದರು: "ಸ್ವಾದರಮಾವ ಸತ್ತಿದ್ರ ಏನ್ ಮಾಡ್ತಿದ್ದಿವಿ? ಖಾಲಿ ಮಣಿಗಿ ಶಾಲು ಹೊಚ್ಚಿ ಕಾಯಿ ಇಡ್ತಿದ್ದಿವಿ. ಇಂವ ಇಲ್ಲ ಅಂತ ತಿಳ್ಕೊಂಡು ಕೆಲಸ ಮಾಡ್ರಿ."

ಬದುಕಿದ್ದವನ ಹೆಸರಿನಲ್ಲಿ ಮಣೆ ಇಡುವುದು ನಮ್ಮಲ್ಲಿ ಕೇಳಿದ ಮಾತಲ್ಲ. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು. ಆ ಖಾಲಿ ಮಣೆ ಬೇಡ ಎನ್ನುವ ಹಕ್ಕು ಇದ್ದದ್ದು ನನಗೊಬ್ಬನಿಗೆ, ಒಪ್ಪಿದರೆ ನಾನು ಶಾಲು ಮುಟ್ಟದೆಯೇ ನಿಶ್ಚಯ ನಡೆಯುತ್ತಿತ್ತು. ಹುಡುಗನ ಮೇಲೆ ಬೀಳುವ ಮಾತು ನನ್ನ ಮೇಲೆ ಬೀಳಲಿ, ಸೋದರಮಾವನೇ ಸೊಕ್ಕಿನವನು ಎಂದುಕೊಳ್ಳಲಿ ಎಂದು ನಿರ್ಧರಿಸಿದೆ. ಅಂಗಳಕ್ಕೆ ಬಂದು ಎಲ್ಲರಿಗೂ ಕೇಳುವಂತೆ, ಆಯಿ ಹೇಳಿದಂತೆ ಮಾಡಿರಿ, ಹುಡುಗನಲ್ಲಿ ನಾನು ಯಾವ ಕೊರತೆಯನ್ನೂ ಕಂಡಿಲ್ಲ ಎಂದೆ.

"ಹಂಗಾರ ನೀ ಇಲ್ಲಿ ನಿಂದರಬ್ಯಾಡ," ಎಂದ ಭಾವ.

ಹಿತ್ತಲ ಬಾಗಿಲಿನಿಂದ ಹೊರಗೆ ಬಂದು ಮಿಲ್ಲಿನ ಜಗಲಿಯ ಮೇಲೆ ಕುಳಿತೆ. ತೊಗರಿಯ ಹೊಟ್ಟು ಗಾಳಿಗೆ ಹಾರಿ ಬಟ್ಟೆಗೆಲ್ಲ ಅಂಟುತ್ತಿತ್ತು. ಮನೆಯ ಕಡೆಯಿಂದ ಹೆಂಗಸರ ಸೋಬಾನೆ ಪದ ಕೇಳಿಸತೊಡಗಿದಾಗ ಮಣೆಗೆ ಶಾಲು ಹೊದಿಸಿದರೆಂದು ಗೊತ್ತಾಯಿತು. ಅತ್ತುಬಿಟ್ಟೆ. ಬಿಸಿಲಲ್ಲಿ, ರಸ್ತೆಯ ಮೇಲೆ ಹೋಗುವವರು ನೋಡುತ್ತಿದ್ದರೂ ಅತ್ತೆ.

ಅಲ್ಲಿಂದಲೇ ನಾಯಕರಿಗೆ ಮತ್ತೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದೆ. ಮಣೆ ಎಂದರೇನು ಎಂದು ಕೇಳಿದರು. ವಿವರಿಸಿದೆ. ಅವರಿಗೆ ನಗು ಬಂತು, ನಕ್ಕದ್ದಕ್ಕೆ ಕ್ಷಮೆಯನ್ನೂ ಕೇಳಿದರು. ಅಫಜಲಪುರದ ಲೆಕ್ಕದಲ್ಲಿ ನೀವು ಸತ್ತಿರಬಹುದು, ವಾಯುಪಡೆಯ ನಿಯಮದಲ್ಲಿ ಮಣೆಯ ಮಾತಿಲ್ಲ ಎಂದರು. ನಿಶ್ಚಯ ಆಗಿದೆ, ಹೆಣ್ಣು ನನ್ನ ಅಕ್ಕನ ಮಗಳು, ಅಷ್ಟು ಸಾಕಾಗಿತ್ತು. ನನ್ನನ್ನು ತಂಡದಿಂದ ಬಿಡಿಸಿದರು. ಮನೆಯಲ್ಲಿ ಸಂಬಂಧ ಕಡಿದುಕೊಂಡಿದ್ದೆ, ತಂಡದಲ್ಲಿ ಅದೇ ಸಂಬಂಧ ಇದೆಯೆಂದು ಹೊರಗೆ ಹಾಕಿದರು. ಅವರ ತಪ್ಪೇನೂ ಇಲ್ಲ. ನಾನು ನಾಯಕನಾಗಿದ್ದರೂ ಅದನ್ನೇ ಮಾಡುತ್ತಿದ್ದೆ.

ಮತ್ತೆ ಹಳೆಯ ವಿಮಾನಗಳ ನೆಲೆಗೆ ಹೋದೆ. ಬಿಡಿಭಾಗ ಸಿಗದೆ ನಿಂತ ಒಂದು ವಿಮಾನದಿಂದ ಬಿಚ್ಚಿ ಇನ್ನೊಂದಕ್ಕೆ ಹಾಕುವ ಕೆಲಸ. ಮರುಪರೀಕ್ಷೆ ಆ ಚಳಿಗಾಲದಲ್ಲಿ ನಡೆಯಲಿಲ್ಲ ಎಂದು ಮಾತ್ರ ಕಿವಿಗೆ ಬಿತ್ತು. ಅದು ನಡೆದದ್ದು ಯಾವಾಗ, ವಿಮಾನ ಚಾಲೂ ಆಯಿತೋ ಇಲ್ಲವೋ, ನನಗೆ ಇಂದಿಗೂ ಗೊತ್ತಿಲ್ಲ. ಕೇಳುವ ಹಕ್ಕು ನನಗೆ ಇರಲಿಲ್ಲ. ಆಮೇಲೆ ದೂರುಗಳು ಬಂದವು, ಕಂಪನಿಗಳು ಕೊಟ್ಟಿದ್ದ ಬೆಲೆಗಳ ಅವಧಿ ಮುಗಿಯಿತು, ಕೊನೆಗೆ ಆ ಖರೀದಿಯೇ ರದ್ದಾಯಿತು. ಅದಕ್ಕೆಲ್ಲ ನಾನೇ ಕಾರಣ ಎಂದುಕೊಳ್ಳುವಷ್ಟು ದೊಡ್ಡ ಮನುಷ್ಯ ನಾನಲ್ಲ. ಇಂಥವು ನಮ್ಮಲ್ಲಿ ಹತ್ತು ಕಾರಣಕ್ಕೆ ನಿಲ್ಲುತ್ತವೆ.

ಮದುವೆಗೆ ಹೋಗಿದ್ದೆ. ಒಮ್ಮೆ ಖಾಲಿ ಮಣೆ ಇಟ್ಟ ಮೇಲೆ ಮದುವೆಗೂ ಖಾಲಿ ಮಣೆಯೇ ಎಂದು ಹಿರಿಯರು ತೀರ್ಮಾನಿಸಿದ್ದರು. ನಾನು ಊರ ಮಂದಿಯ ಜೊತೆ ಪಂಕ್ತಿಯಲ್ಲಿ ಕುಳಿತು ಉಂಡು ಬಂದೆ. ಅಕ್ಕ ಹೋಳಿಗೆ ಬಡಿಸಲು ಬಂದವಳು ಏನೂ ಮಾತಾಡದೆ ಎರಡು ಹೆಚ್ಚಿಗೆ ಹಾಕಿ ಹೋದಳು.

ವರ್ಷಗಳು ಕಳೆದವು. ಸಹಿ ಮಾಡಿದ ಮಾತಿಗೆ ಕಟ್ಟುಬಿದ್ದು ಬಾಯಿ ಬಿಡಲಿಲ್ಲ. ನಿವೃತ್ತಿಯಾದ ಮೇಲೆ, ಖರೀದಿಯೂ ಮುಗಿದ ಕಥೆಯಾದ ಮೇಲೆ, ದೇಶದ ಹೆಸರು, ವಿಮಾನದ ಹೆಸರು ಬಿಟ್ಟು ನನ್ನ ಪಾಲಿನದನ್ನಷ್ಟು ಹೇಳಬಹುದು ಎಂದು ಖಾತ್ರಿ ಮಾಡಿಕೊಂಡು ಜೇವರ್ಗಿಗೆ ಹೋದೆ. ಅಳಿಯ ಆ ಕಂಪನಿ ಬಿಟ್ಟು ಕಲಬುರಗಿಯಲ್ಲಿ ಬೇರೆ ಕೆಲಸ ಹಿಡಿದಿದ್ದ. ರಜೆಯ ದಿನ, ಮನೆಯಲ್ಲೇ ಇದ್ದ. ಚಹಾ ಮಾಡಲು ತಾನೇ ಒಳಗೆ ಹೋದ. ಅಷ್ಟರಲ್ಲಿ ನಾನು ಅಕ್ಕನ ಮಗಳಿಗೆ ಎಲ್ಲವನ್ನೂ ಹೇಳಿದೆ: ಚಳಿ, ಬ್ಯಾಟರಿ, ಮಾಳಿಗೆಯ ಮೇಲಿನ ಫೋನ್.

ಅವಳು ಗಂಡ ಹೋದ ಕಡೆ ಒಮ್ಮೆ ನೋಡಿ ನನ್ನತ್ತ ತಿರುಗಿದಳು.

"ಅಷ್ಟೇನಾ ಮಾಮಾ?"

"ಅಷ್ಟೇ ಅವ್ವಾ."

"ಇವರಾಗ ಏನೂ ಇದ್ದಿದ್ದಿಲ್ಲ?"

"ಏನೂ ಇದ್ದಿದ್ದಿಲ್ಲ."

"ನಾ ಇಷ್ಟು ವರ್ಷ ಇವರ ಫೋನ್ ನೋಡ್ತಿದ್ದೆ ಮಾಮಾ," ಎಂದಳು, ದನಿ ಇಳಿಸಿ. "ಅಂಗಿ ಬಕ್ಕಣದಾಗ ಕೈ ಹಾಕಿ ನೋಡ್ತಿದ್ದೆ. ಹೈದರಾಬಾದಿನಾಗ ಇವರ ಗೆಳ್ಯಾನ ಹೆಂಡತಿ ಕಡಿ ವಿಚಾರಿಸೀನಿ. ಮಾಮಾ ಸತ್ತಾಂವ ಅನ್ನಿಸ್ಕೊಂಡ, ಈ ಮನಿ ಅರಿವಿ ಮಾತ್ರ ಮುಟ್ಟಲಿಲ್ಲ ಅಂದ್ರ ಇವರಾಗ ಏನೋ ಒಂದು ಇರಾಕ ಬೇಕು ಅಂತ. ಇವತ್ತು ಸಿಗ್ತದ, ನಾಳೆ ಸಿಗ್ತದ ಅಂತ ಹುಡುಕಾಕತ್ತಿದ್ದೆ."

ಹುಡುಗನನ್ನು ಉಳಿಸಿದೆ ಎಂದುಕೊಂಡು ನಾನು ಇಷ್ಟು ವರ್ಷ ಸಮಾಧಾನ ಮಾಡಿಕೊಂಡಿದ್ದೆ. ನನಗೆ ತಲೆ ಎತ್ತಲು ಆಗಲಿಲ್ಲ.

ಅಳಿಯ ಚಹಾ ತಂದಿಟ್ಟ. ಹೆಂಡತಿಯ ಮುಖ ನೋಡಿ ಗಾಬರಿಯಾದ. ಅವಳು ಅವನ ಕೈ ಹಿಡಿದುಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು. ಅವನು ಆ ಕೈ ಬಿಡಿಸಿಕೊಳ್ಳದೆ ನನ್ನ ಕಡೆ ತಿರುಗಿದ.

"ಏನಂದ್ರಿ ಮಾವಾರ ಈಕಿಗೆ?" ಎಂದ. "ಯಾಕ ಅಳಾಕತ್ತಾಳ?"

ಅವಳು ಅಳುತ್ತಲೇ ನನ್ನ ಕಡೆ ನೋಡಿ, ತಾನು ಹುಡುಕುತ್ತಿದ್ದುದನ್ನು ಹೇಳಬೇಡ ಎಂಬಂತೆ ತಲೆ ಅಲ್ಲಾಡಿಸಿದಳು.

"ಏನಿಲ್ಲಪ್ಪಾ," ಎಂದೆ.